ಹಿಮಕ್ಕೆ ಹೊರಡುವವರ ಪಟ್ಟಿಯಲ್ಲಿ ರಿಸ್ಟ್ ಗಾರ್ಡ್ ಸೇರಿಸಿ: ಬೆಳಗಾವಿಯ ಪ್ರವಾಸ ಆಯೋಜಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ಎಲ್ಲರಿಗೂ ಶರಣು.

ಬೆಳಗಾವಿಯಿಂದ ಮನಾಲಿ, ಗುಲ್ಮಾರ್ಗ್, ಔಲಿ ಕಡೆಗೆ ಗುಂಪು ಕರೆದುಕೊಂಡು ಹೋಗುವ ಪ್ರವಾಸ ಆಯೋಜಕರಿಗೆ ಈ ಪತ್ರ. ಹುಡುಗ ಹುಡುಗಿಯರನ್ನು ನಿಮ್ಮ ಜೊತೆ ಕಳಿಸುವ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರೂ ಇದನ್ನು ಓದಲಿ.

ದೀಪಾವಳಿ ಮುಗಿಯುತ್ತಿದ್ದಂತೆ ನಿಮ್ಮ ಜಾಹೀರಾತುಗಳು ವಾಟ್ಸಾಪ್‌ನಲ್ಲಿ ಓಡಾಡಲು ಶುರುವಾಗುತ್ತವೆ. ಅದರ ಜೊತೆ ತರಬೇಕಾದ ಸಾಮಾನಿನ ಪಟ್ಟಿಯೂ ಬರುತ್ತದೆ. ಥರ್ಮಲ್, ಉಣ್ಣೆ ಟೋಪಿ, ನೀರು ಇಳಿಯದ ಕೈಗವಸು, ಕಪ್ಪು ಕನ್ನಡಕ, ತುಟಿಗೆ ವ್ಯಾಸಲಿನ್, ವಾಂತಿ ಗುಳಿಗೆ. ನಾನು ನೋಡಿದ ಒಂದು ಪಟ್ಟಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೂಡ ಇತ್ತು. ಬಲ್ಲವರೇ ಬರೆದ ಪಟ್ಟಿ ಅದು. ಕೆಳಗೆ ದಪ್ಪ ಅಕ್ಷರದಲ್ಲಿ ‘ಸ್ನೋಬೋರ್ಡಿಂಗ್ ಸೇರಿದೆ’ ಎಂದಿತ್ತು. ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಅದು. ಆದರೆ ಆ ಆಟಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದ ಒಂದು ವಸ್ತುವಿನ ಹೆಸರೇ ಇರಲಿಲ್ಲ. ಅದು ರಿಸ್ಟ್ ಗಾರ್ಡ್. ಮಣಿಕಟ್ಟಿಗೆ ಕಟ್ಟಿಕೊಳ್ಳುವ, ಒಳಗೆ ಗಟ್ಟಿ ಪಟ್ಟಿ ಇರುವ ಕಾಪು. ಅದನ್ನು ಸಾಮಾನಿನ ಪಟ್ಟಿಗೆ ಸೇರಿಸಿ ಎಂದು ಕೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯಲ್ಲಿ ಫಿಜಿಯೋಥೆರಪಿ ಮಾಡುವವಳು. ಕೈ ಮುರಿದವರು ಪ್ಲಾಸ್ಟರ್ ಬಿಚ್ಚಿದ ಮೇಲೆ ನನ್ನ ಬಳಿ ಬರುತ್ತಾರೆ. ಮಳೆಗಾಲದಲ್ಲಿ ಬೈಕಿನಿಂದ ಬಿದ್ದವರು, ವರ್ಷವಿಡೀ ಬಚ್ಚಲಲ್ಲಿ ಜಾರಿದ ಅಜ್ಜಿಯರು. ಇದು ಹಳೆಯ ಲೆಕ್ಕ. ಈಗ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕಾಲೇಜು ಹುಡುಗರೂ ಬರುತ್ತಾರೆ. ಮುಖ ಬಿಸಿಲಿಗೆ ಕಪ್ಪಾಗಿರುತ್ತದೆ, ಕನ್ನಡಕದ ಜಾಗ ಮಾತ್ರ ಬೆಳ್ಳಗೆ. ಹೇಗಾಯಿತು ಅಂತ ಕೇಳುವ ಮೊದಲೇ ಮೊಬೈಲಿನಲ್ಲಿ ವಿಡಿಯೋ ತೋರಿಸುತ್ತಾರೆ. ಬೀಳುವ ವಿಡಿಯೋ ಅದು. ಸ್ನೇಹಿತರೇ ಹಿಂದೆ ನಿಂತು ನಗುತ್ತಾ ತೆಗೆದದ್ದು.

ಅವರಿಗೆ ನಾನು ಮೊದಲು ಹೇಳುವುದು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಎಂದು. ಅಂಗೈಗೆ ಅಂಗೈ ಒತ್ತಿ, ಮೊಣಕೈಗಳನ್ನು ಅಗಲಿಸಿ, ಕೈಗಳನ್ನು ಎದೆಯ ಕೆಳಗೆ ಇಳಿಸಬೇಕು. ಒಂದು ಕೈ ಸಲೀಸಾಗಿ ಬಾಗುತ್ತದೆ. ಇನ್ನೊಂದು ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಅಂಗೈಯನ್ನು ಮೇಲೆ ಮಾಡಿ, ಪ್ರಸಾದ ಇಸಿದುಕೊಳ್ಳುವ ಹಾಗೆ ಹಿಡಿಯಿರಿ ಅನ್ನುತ್ತೇನೆ. ಅದೂ ಪೂರ್ತಿ ತಿರುಗುವುದಿಲ್ಲ. ರೊಟ್ಟಿ ಮುರಿಯಲು, ಬಕೆಟ್ ಎತ್ತಲು, ಬೈಕಿನ ಆಕ್ಸಿಲರೇಟರ್ ತಿರುವಲು ತಿಂಗಳುಗಟ್ಟಲೆ ಒದ್ದಾಟ. ಬಲಗೈಯಾದರೆ ಪರೀಕ್ಷೆ ಬರೆಯುವ ಪಾಡು ಬೇರೆ. ಪ್ಲಾಸ್ಟರ್ ಸುಮಾರು ಆರು ವಾರ. ತಂತಿ ಅಥವಾ ಪ್ಲೇಟ್ ಹಾಕಿದ್ದರೆ ಆಪರೇಷನ್ ಖರ್ಚು ಮೇಲೆ. ಇಷ್ಟೆಲ್ಲ ಆಗಿದ್ದು ಒಂದು ಮಧ್ಯಾಹ್ನದ ಮೋಜಿಗೆ ಅಂದರೆ ಅಪ್ಪ ಅಮ್ಮನಿಗೆ ಹೇಗಾಗಬೇಡ?

ಹಾಗಂತ ಸ್ನೋಬೋರ್ಡಿಂಗ್ ಬಿಡಿ ಅಂತ ನಾನು ಹೇಳುವುದಿಲ್ಲ. ಹೋಗಲಿ, ಬೀಳಲಿ, ಮತ್ತೆ ಏಳಲಿ. ಈ ಆಟ ಈಗ ನಮಗೂ ಅಷ್ಟು ದೂರದ್ದಲ್ಲ. ಅಮೆರಿಕದಲ್ಲಿ 1965ರಲ್ಲಿ ಒಬ್ಬ ಅಪ್ಪ ಮಗಳಿಗಾಗಿ ಎರಡು ಸ್ಕೀ ಹಲಗೆಗಳನ್ನು ಸೇರಿಸಿ ಮಾಡಿದ ಆಟಿಕೆಯಿಂದ ಇದು ಬೆಳೆಯಿತು. 1998ರಲ್ಲಿ ಜಪಾನಿನ ನಾಗಾನೋದಲ್ಲಿ ಒಲಿಂಪಿಕ್ಸ್‌ಗೂ ಬಂತು. ನಮ್ಮ ಗುಲ್ಮಾರ್ಗ್‌ನಲ್ಲಿ 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿದೆ, ಅದರಲ್ಲಿ ಸ್ನೋಬೋರ್ಡಿಂಗೂ ಇದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಫೌಜಿನಲ್ಲಿದ್ದು ಹಿಮದಲ್ಲಿ ದುಡಿದು ಬಂದವರು. ಹಿಮ ಅಂದರೆ ಏನು ಅಂತ ಅವರನ್ನು ಕೇಳಿ. ತಯಾರಿ ಇಲ್ಲದೆ ಅಲ್ಲಿ ಕಾಲಿಡಬೇಡಿ ಅಂತಲೇ ಹೇಳುತ್ತಾರೆ.

ಈ ಆಟದಲ್ಲಿ ಮಣಿಕಟ್ಟೇ ಯಾಕೆ ಮುರಿಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೊತ್ತಾದರೆ ಪಟ್ಟಿಗೆ ಸೇರಿಸುವುದು ನಿಮಗೇ ಸಹಜ ಅನ್ನಿಸುತ್ತದೆ.

ಸ್ಕೀಯಿಂಗ್‌ನಲ್ಲಿ ಕಾಲಿಗೊಂದು ಹಲಗೆ, ಕೈಗೊಂದು ಕೋಲು. ಬೀಳುವಾಗ ಕಾಲುಗಳು ಬೇರೆ ಬೇರೆ ದಿಕ್ಕಿಗೆ ತಿರುಚಿಕೊಳ್ಳುತ್ತವೆ. ಹಾಗಾಗಿ ಅಲ್ಲಿ ಮೊಣಕಾಲಿನ ಪೆಟ್ಟು ಜಾಸ್ತಿ. ಸ್ನೋಬೋರ್ಡ್‌ನಲ್ಲಿ ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದಿರುತ್ತಾರೆ. ಕೈಯಲ್ಲಿ ಕೋಲಿಲ್ಲ. ತೋಲ ತಪ್ಪಿದರೆ ಒಂದು ಹೆಜ್ಜೆ ಮುಂದಿಟ್ಟು ಸಾವರಿಸಿಕೊಳ್ಳುವ ಹಾಗಿಲ್ಲ. ಕಾಲು ಹಲಗೆಗೆ ಸೇರಿದ ಮೇಲೆ ದೇಹಕ್ಕೆ ಉಳಿಯುವುದು ಕೈ ಮಾತ್ರ. ಮುಂದಕ್ಕೆ ಬಿದ್ದರೆ ಮೊಣಕಾಲು ಮತ್ತು ಅಂಗೈ. ಹಿಂದಕ್ಕೆ ಬಿದ್ದರೆ ಕುಂಡಿ, ಅಂಗೈ, ಕೆಲವೊಮ್ಮೆ ತಲೆ.

ಹಲಗೆಗೆ ಎರಡೂ ಬದಿಗೆ ಉಕ್ಕಿನ ಅಂಚು ಇರುತ್ತದೆ. ಒಂದು ಕಾಲ್ಬೆರಳ ಕಡೆಯದು, ಇನ್ನೊಂದು ಹಿಮ್ಮಡಿ ಕಡೆಯದು. ಯಾವಾಗಲೂ ಇಳಿಜಾರಿನ ಮೇಲ್ಬದಿಯ ಅಂಚಿನ ಮೇಲೆ ಭಾರ ಹಾಕಬೇಕು. ಕಲಿಯುವವರಿಗೆ ಅದು ಗೊತ್ತಾಗುವುದಿಲ್ಲ. ಹಲಗೆ ಸಪಾಟಾಗಿ ಮಲಗುತ್ತದೆ, ಕೆಳಬದಿಯ ಅಂಚು ಹಿಮಕ್ಕೆ ಕಚ್ಚುತ್ತದೆ. ಉಸುಕಿನ ಮೇಲೆ ಬೈಕಿನ ಮುಂದಿನ ಬ್ರೇಕ್ ಒತ್ತಿದ ಹಾಗೆ, ಹಲಗೆ ನಿಂತು ಮನುಷ್ಯ ಮುಂದೆ ಹೋಗುತ್ತಾನೆ. ವೇಗ ಜಾಸ್ತಿ ಇರಬೇಕಂತಿಲ್ಲ. ನಡಿಗೆಯ ವೇಗದಲ್ಲೂ ಇದು ಆಗುತ್ತದೆ. ನೋಡುವವರಿಗೆ ತಮಾಷೆ. ಬೀಳುವವನಿಗೆ ಯೋಚಿಸಲೂ ಸಮಯವಿಲ್ಲ, ಕೈ ತಾನಾಗಿ ಮುಂದೆ ಬರುತ್ತದೆ.

ಹಿಮ ಮೆತ್ತಗಿರುತ್ತದೆ ಅಲ್ವಾ, ಅಂತ ತುಂಬಾ ಜನ ಕೇಳುತ್ತಾರೆ. ಈಗತಾನೆ ಬಿದ್ದ ಹಿಮ ಮೆತ್ತಗೆ, ನಿಜ. ಆದರೆ ಕಲಿಸುವ ಇಳಿಜಾರಿನಲ್ಲಿ ದಿನವಿಡೀ ನೂರಾರು ಜನ ತುಳಿದಿರುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಕರಗಿದ್ದು ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಅದು ಗಚ್ಚಿನ ನೆಲಕ್ಕೆ ಕಡಿಮೆಯಿರುವುದಿಲ್ಲ.

ಚಾಚಿದ ಕೈಯ ಮೇಲೆ ಮೈಯ ಭಾರ ಬಿದ್ದಾಗ ಮಣಿಕಟ್ಟು ಹಿಂದಕ್ಕೆ ವಿಪರೀತ ಬಾಗುತ್ತದೆ. ಮುಂಗೈಯ ಹೆಬ್ಬೆರಳ ಬದಿಯ ದಪ್ಪ ಎಲುಬು, ಮಣಿಕಟ್ಟಿಗೆ ಒಂದು ಅಂಗುಲ ಮೇಲೆ ಮುರಿಯುತ್ತದೆ. ಡಬ್ಲಿನ್‌ನ ಅಬ್ರಹಾಂ ಕೊಲೆಸ್ ಎಂಬ ವೈದ್ಯರು ಈ ಮುರಿತವನ್ನು 1814ರಲ್ಲೇ ಬರೆದಿಟ್ಟರು. ಎಕ್ಸ್‌ರೇ ಬಂದಿದ್ದು 1895ರಲ್ಲಿ. ಅಂದರೆ ಬರೀ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಅಷ್ಟು ಖಚಿತವಾಗಿ ಹೇಳಿದ್ದರು. ಇವತ್ತಿಗೂ ಅದನ್ನು ಕೊಲೆಸ್ ಫ್ರಾಕ್ಚರ್ ಅಂತಲೇ ಕರೆಯುತ್ತೇವೆ. ಪಿಯುಸಿ ವಯಸ್ಸಿನ ಮಕ್ಕಳಲ್ಲಿ ಇನ್ನೊಂದು ತೊಂದರೆ ಇದೆ. ಅವರಲ್ಲಿ ಹಲವರ ಎಲುಬಿನ ತುದಿಯಲ್ಲಿ ಬೆಳೆಯುವ ಪದರ ಇನ್ನೂ ಮುಚ್ಚಿರುವುದಿಲ್ಲ. ಪೆಟ್ಟು ಅಲ್ಲಿಗೆ ಬಿದ್ದರೆ ಎಲುಬು ಬೆಳೆಯುವ ರೀತಿಗೇ ಧಕ್ಕೆ ಬರಬಹುದು.

ಇನ್ನು ರಿಸ್ಟ್ ಗಾರ್ಡ್ ನಿಜವಾಗಿ ಕೆಲಸ ಮಾಡುತ್ತದೆಯೇ? ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ನಾರ್ವೆಯಲ್ಲಿ 5,029 ಸ್ನೋಬೋರ್ಡರ್‌ಗಳನ್ನು ಎರಡು ಗುಂಪು ಮಾಡಿ ನೋಡಿದರು. ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತುವ ರೀತಿಯಲ್ಲಿ ತೀರ್ಮಾನಿಸಿದರು. ಒಂದು ಗುಂಪಿಗೆ ಮಣಿಕಟ್ಟಿನ ಕಾಪು, ಇನ್ನೊಂದಕ್ಕೆ ಇಲ್ಲ. ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಅಷ್ಟಷ್ಟೇ ಜನ. ಕಾಪು ಹಾಕಿದವರಲ್ಲಿ 8 ಮಂದಿಗೆ ಮಣಿಕಟ್ಟಿಗೆ ಪೆಟ್ಟಾಯಿತು, ಹಾಕದವರಲ್ಲಿ 29 ಮಂದಿಗೆ. 2001ರಲ್ಲಿ ಪ್ರಕಟವಾದ ಅಧ್ಯಯನ ಇದು. ಹೊಸದಾಗಿ ಕಲಿಯುವವರಿಗೇ ಅಪಾಯ ಜಾಸ್ತಿ ಅನ್ನುವುದೂ ಅದರಲ್ಲಿ ಕಂಡಿತು. ಕೆನಡಾದ ಕ್ವಿಬೆಕ್‌ನಲ್ಲಿ 2005ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಗಾರ್ಡ್ ಹಾಕಿದವರಿಗೆ ಕೈ, ಮಣಿಕಟ್ಟು, ಮುಂಗೈ ಪೆಟ್ಟಿನ ಸಾಧ್ಯತೆ ಶೇ 85ರಷ್ಟು ಕಡಿಮೆ ಅಂತ ಕಂಡುಬಂತು.

ಹಿಮ ದೂರದ ಮಾತು ಅನ್ನಿಸಿದರೆ ಹತ್ತಿರದ್ದನ್ನೇ ನೋಡಿ. ನಮ್ಮ ಊರಿನಲ್ಲಿ ರೋಲರ್ ಸ್ಕೇಟಿಂಗ್ ಎಷ್ಟು ಬೆಳೆದಿದೆ ಅಂತ ನಿಮಗೇ ಗೊತ್ತು. ಸಣ್ಣ ಸಣ್ಣ ಮಕ್ಕಳು ಹೆಲ್ಮೆಟ್, ಮೊಣಕಾಲಿನ ಪ್ಯಾಡ್ ಕಟ್ಟಿಕೊಂಡು ಬೆಳಗ್ಗೆ ಆರಕ್ಕೇ ರಿಂಕ್‌ನಲ್ಲಿರುತ್ತಾರೆ. ಅಮೆರಿಕದ ಆಸ್ಪತ್ರೆಗಳಿಗೆ ಬಂದ ಸ್ಕೇಟರ್‌ಗಳನ್ನು ನೋಡಿ 1996ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ರಿಸ್ಟ್ ಗಾರ್ಡ್ ಹಾಕದವರಿಗೆ ಮಣಿಕಟ್ಟಿಗೆ ಪೆಟ್ಟಾಗುವ ಸಂಭವ, ಹಾಕಿದವರಿಗಿಂತ ಹತ್ತು ಪಟ್ಟು ಜಾಸ್ತಿ ಅಂತ ಅದು ಹೇಳಿತು. ಬೀಳುವ ರೀತಿ ಎರಡರಲ್ಲೂ ಒಂದೇ. ರಿಂಕ್‌ನಲ್ಲಿ ಎಂಟು ವರ್ಷದ ಮಗುವಿಗೆ ಕಾಪು ಕಟ್ಟುವ ನಾವು, ಇಪ್ಪತ್ತು ವರ್ಷದವನನ್ನು ಬರಿಗೈಯಲ್ಲಿ ಹಿಮಕ್ಕೆ ಬಿಡುತ್ತೇವೆ.

ನಿಮ್ಮ ಗುಂಪಿನಲ್ಲಿ ಹೋಗುವವರು ಯಾರು ಅಂತ ಯೋಚಿಸಿ. ಹೆಚ್ಚಿನವರು ಹಿಮವನ್ನು ಮೊದಲ ಸಲ ನೋಡುವವರು. ಹಲಗೆಯ ಮೇಲೆ ನಿಲ್ಲುವುದೂ ಮೊದಲ ಸಲ. ಬೂಟು, ಹಲಗೆ ಎಲ್ಲ ಬಾಡಿಗೆಯದು, ಅಳತೆ ಹೆಚ್ಚು ಕಡಿಮೆ. ಕಲಿಸುವವನಿಗೆ ಹಿಂದಿ, ನಮ್ಮವರಿಗೆ ಕನ್ನಡ ಅಥವಾ ಮರಾಠಿ. ಹೇಗೋ ನಡೆಯುತ್ತದೆ. ಸಮಯವೂ ಕಡಿಮೆ, ಯಾಕೆಂದರೆ ಮಧ್ಯಾಹ್ನ ಊಟ, ಸಂಜೆ ಮಾಲ್ ರೋಡ್. ಹೋಗುವ ಮೊದಲು ನೋಡಿದ್ದು ರೀಲ್ಸ್. ಅದರಲ್ಲಿ ಯಾರೂ ಬೀಳುವುದಿಲ್ಲ. ಅಪಾಯ ಯಾರಿಗೆ ಜಾಸ್ತಿ ಅಂತ ಅಧ್ಯಯನಗಳು ಹೇಳಿದವೋ, ಬೆಳಗಾವಿಯಿಂದ ಹೊರಡುವ ಬಸ್ಸಿನ ತುಂಬ ಅವರೇ ಇದ್ದಾರೆ.

ಅಲ್ಲಿ ಬಾಡಿಗೆಗೆ ಸಿಗುತ್ತದಲ್ಲ, ನಾವ್ಯಾಕೆ ಹೊತ್ತುಕೊಂಡು ಹೋಗಬೇಕು? ಈ ಮಾತು ಒಬ್ಬ ಆಯೋಜಕರ ಬಾಯಲ್ಲೇ ಕೇಳಿದ್ದೇನೆ. ಜಾಕೆಟ್, ಬೂಟು, ಹಲಗೆ ಸಿಗುತ್ತದೆ. ಕೇಳಿದರೆ ಹೆಲ್ಮೆಟ್ ಕೂಡ ಸಿಗಬಹುದು. ರಿಸ್ಟ್ ಗಾರ್ಡ್ ಮಾತ್ರ ಸಿಕ್ಕೇ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ನನ್ನ ಬಳಿ ಬಂದ ಹುಡುಗರಲ್ಲಿ ಯಾರಿಗೂ ಅಲ್ಲಿ ಅದನ್ನು ಕೊಟ್ಟಿರಲಿಲ್ಲ. ‘ಅಂಥಾದ್ದೊಂದು ಐತಿ ಅನ್ನೋದ ಗೊತ್ತಿದ್ದಿಲ್ರೀ ಮೇಡಂ’ ಅಂದರು. ಗೊತ್ತಿಲ್ಲದವರು ಕೇಳುವುದಾದರೂ ಹೇಗೆ? ಇಲ್ಲಿಂದಲೇ ತೆಗೆದುಕೊಂಡು ಹೋಗುವುದು ಒಳ್ಳೆಯದು. ಅಂಗೈ ಅಗಲದ ಸಾಮಾನು, ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ.

ಕೊಳ್ಳುವಾಗ ಒಂದಿಷ್ಟು ನೋಡಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಪಟ್ಟಿ, ಕ್ರೇಪ್ ಬ್ಯಾಂಡೇಜ್, ಜಿಮ್‌ನವರು ಸುತ್ತಿಕೊಳ್ಳುವ ಪಟ್ಟಿ, ಇವು ಯಾವುವೂ ರಿಸ್ಟ್ ಗಾರ್ಡ್ ಅಲ್ಲ. ಅವು ಬೆಚ್ಚಗಿಡುತ್ತವೆ, ಅಷ್ಟೆ. ಗಾರ್ಡ್‌ನ ಒಳಗೆ ಗಟ್ಟಿ ಪಟ್ಟಿ ಇರಬೇಕು. ಅದು ಮಣಿಕಟ್ಟು ತೀರಾ ಹಿಂದಕ್ಕೆ ಬಾಗದಂತೆ ತಡೆಯುತ್ತದೆ, ಬಿದ್ದ ಭಾರವನ್ನು ಮುಂಗೈಯ ಉದ್ದಕ್ಕೂ ಹಂಚುತ್ತದೆ. ಪಟ್ಟಿ ಕಬ್ಬಿಣದಂತೆ ಸೆಟೆದಿರುವುದಕ್ಕಿಂತ ಸ್ವಲ್ಪ ಬಾಗುವಂಥದ್ದಿದ್ದರೆ ಮೇಲು. ಮುಂಗೈ ಮೇಲೆ ಸಾಕಷ್ಟು ಉದ್ದ ಬರಲಿ. ತೀರಾ ಗಿಡ್ಡದಾಗಿದ್ದರೆ ಭಾರವೆಲ್ಲ ಅದರ ಅಂಚಿನ ಹತ್ತಿರವೇ ಬೀಳುತ್ತದೆ.

ಸ್ನೋಬೋರ್ಡಿಂಗ್‌ಗಾಗಿಯೇ ಮಾಡಿದ ಗಾರ್ಡ್‌ಗೆ ಐಎಸ್ಒ 20320 ಎಂಬ ಮಾನದಂಡ ಇದೆ, 2020ರಲ್ಲಿ ಬಂದದ್ದು. ರೋಲರ್ ಸ್ಕೇಟಿಂಗ್‌ನ ಗಾರ್ಡ್‌ಗಳಿಗೆ ಯುರೋಪಿನ ಇಎನ್ 14120. ಆನ್‌ಲೈನ್‌ನಲ್ಲಿ ತರಿಸುವಾಗ ಈ ಸಂಖ್ಯೆ ಇದೆಯೇ ನೋಡಿ. ಹಿಮಕ್ಕೆಂದೇ ಮಾಡಿದ್ದು ಸಿಗದಿದ್ದರೆ ಸ್ಕೇಟಿಂಗ್‌ನದ್ದಾದರೂ ಸರಿ, ಬರಿಗೈಗಿಂತ ಸಾವಿರ ಪಾಲು ವಾಸಿ. ಅದರ ಅಂಗೈ ಮೇಲೆ ಪ್ಲಾಸ್ಟಿಕ್ ಚಿಪ್ಪು ಇರುತ್ತದೆ, ಡಾಂಬರಿನ ಮೇಲೆ ಕೈ ಜಾರಿ ಹೋಗಲಿ ಅಂತ. ಹಾಗಾಗಿ ಅದರ ಮೇಲೆ ಮಾಮೂಲಿ ಕೈಗವಸು ಹತ್ತುವುದಿಲ್ಲ. ಒಂದು ಅಳತೆ ದೊಡ್ಡದು ಬೇಕು. ಇದನ್ನು ಇಲ್ಲೇ ಮನೆಯಲ್ಲಿ ಹಾಕಿ ನೋಡಬೇಕು. ಮನಾಲಿ ಹತ್ತಿರದ ಸೋಲಂಗ್‌ನ ಚಳಿಯಲ್ಲಿ, ಹಿಂದೆ ಸಾಲು ನಿಂತಿರುವಾಗ, ಕೈಗವಸು ಹತ್ತಲಿಲ್ಲ ಅಂತ ಗಾರ್ಡನ್ನು ಕಿತ್ತು ಜೇಬಿಗೆ ಹಾಕುವವರೇ ಜಾಸ್ತಿ. ಬೆರಳು ಮರಗಟ್ಟುವಷ್ಟು ಬಿಗಿಯಲೂ ಬಾರದು. ಅಲ್ಲಿನ ಚಳಿಗೆ ರಕ್ತ ಓಡಾಟ ಮೊದಲೇ ಕಡಿಮೆಯಿರುತ್ತದೆ.

ಖರ್ಚಿನ ಮಾತು ಬಂದೇ ಬರುತ್ತದೆ. ನಿಮ್ಮ ಪ್ಯಾಕೇಜಿನ ದರದ ಮುಂದೆ ಅದು ಸಣ್ಣ ಮೊತ್ತ. ಎಲ್ಲರೂ ಕೊಳ್ಳಬೇಕೆಂದೂ ಇಲ್ಲ. ನೀವೇ ಬೇರೆ ಬೇರೆ ಅಳತೆಯ ಒಂದಷ್ಟು ಜೊತೆ ಇಟ್ಟುಕೊಂಡರೆ ವರ್ಷ ವರ್ಷ ನಡೆಯುತ್ತದೆ. ಬಾಡಿಗೆ ತೆಗೆದುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಬೇಕಿದ್ದವರು ಕೇಳಿ ಪಡೆಯಿರಿ ಅಂತ ಬಿಡಬೇಡಿ. ಇಪ್ಪತ್ತರ ವಯಸ್ಸಿನಲ್ಲಿ ಗೆಳೆಯರ ಮುಂದೆ ಕೈ ಎತ್ತಿ ನನಗೆ ಕಾಪು ಬೇಕು ಅನ್ನುವ ಹುಡುಗ ಸಿಗುವುದು ಕಷ್ಟ. ಎಲ್ಲರಿಗೂ ಕಟ್ಟಿದರೆ ಯಾರಿಗೂ ನಾಚಿಕೆಯಿಲ್ಲ.

ಗಾರ್ಡ್ ಹಾಕಿದರೆ ಮಣಿಕಟ್ಟು ಉಳಿದು ಮುಂಗೈ, ಮೊಣಕೈ ಮುರಿಯುತ್ತದೆ ಅಂತ ಒಂದು ವಾದ ಇದೆ. ಇದನ್ನು ತಳ್ಳಿಹಾಕುವುದಿಲ್ಲ. ನಾನು ಹೇಳಿದ ಕ್ವಿಬೆಕ್ ಅಧ್ಯಯನದಲ್ಲೇ ಮೊಣಕೈ, ಭುಜದ ಪೆಟ್ಟು ಹೆಚ್ಚಿರಬಹುದು ಎಂಬ ಸುಳಿವು ಇತ್ತು. ಆದರೆ ಆ ಅಂಕಿ ಸುಮ್ನೆ ಕಾಕತಾಳೀಯವೂ ಆಗಿರಬಹುದಾದಷ್ಟು ಸಡಿಲ. ಮಣಿಕಟ್ಟಿಗೆ ಸಿಗುವ ರಕ್ಷಣೆಯ ಅಂಕಿ ಹಾಗಲ್ಲ, ಅದು ಗಟ್ಟಿ. ಬೇರೆ ಬೇರೆ ದೇಶದವರು ಬೇರೆ ಬೇರೆ ರೀತಿಯಲ್ಲಿ ನೋಡಿದರೂ ಅದೇ ಬಂತು. ನೂರಾರು ಸಲ ಹಾರಿ ಪಳಗಿದವರು ಗಾರ್ಡ್ ಹಾಕದೆ ಆಡುತ್ತಾರೆ ಅನ್ನುವುದು ಇನ್ನೊಂದು ವಾದ. ಆಡಲಿ ಬಿಡಿ. ಅವರಿಗೆ ಬೀಳುವುದು ಗೊತ್ತು.

ಬೀಳುವುದನ್ನು ನಮ್ಮ ಹುಡುಗರಿಗೂ ಕಲಿಸಬಹುದು. ದೈಹಿಕ ಶಿಕ್ಷಣ ನಿರ್ದೇಶಕರೇ, ಈ ಮಾತು ನಿಮಗೆ. ಕಲಿಸಲು ಹಿಮ ಬೇಕಿಲ್ಲ. ಬೆಳಗಾವಿ ಜಿಲ್ಲೆಗೆ ಕುಸ್ತಿ ಹೊಸದಲ್ಲ. ಕೆಳಗೆ ಬೀಳುವಾಗ ಕೈ ಚಾಚಿ ನೆಲಕ್ಕೆ ಊರಬೇಡ ಅಂತ ಗರಡಿಯ ಯಾವ ಉಸ್ತಾದರನ್ನು ಕೇಳಿದರೂ ಹೇಳುತ್ತಾರೆ. ಹೊರಡುವ ವಾರ ಒಂದು ಸಂಜೆ ಎಲ್ಲರನ್ನೂ ಕುಸ್ತಿ ಮ್ಯಾಟ್ ಮೇಲೆ ಕರೆದುಕೊಂಡು ಹೋಗಿ. ಮುಂದಕ್ಕೆ ಬೀಳುವಾಗ ಮುಷ್ಟಿ ಕಟ್ಟಿ, ಮೊಣಕೈ ಮಡಚಿ, ಮೊದಲು ಮೊಣಕಾಲು, ಆಮೇಲೆ ಮುಂಗೈಯ ಉದ್ದಕ್ಕೂ ಭಾರ ಬಿಡಬೇಕು. ಹಿಂದಕ್ಕೆ ಬೀಳುವಾಗ ಕುಕ್ಕರುಗಾಲಿನಲ್ಲಿ ಕುಗ್ಗಿ, ಗದ್ದ ಎದೆಗೆ ಒತ್ತಿ, ಕೈಗಳನ್ನು ಎದೆಯ ಮೇಲೆ ಕಟ್ಟಿ, ಬೆನ್ನಿನ ಮೇಲೆ ಉರುಳಬೇಕು. ಕೈಯನ್ನು ಹಿಂದಕ್ಕೆ ಊರಬಾರದು. ಒಂದು ಸಂಜೆಯ ಅಭ್ಯಾಸದಿಂದ ಹುಟ್ಟು ಗುಣ ಬದಲಾಗುವುದಿಲ್ಲ, ಗೊತ್ತಿದೆ. ಆ ಗಳಿಗೆಯಲ್ಲಿ ಅರ್ಧದಷ್ಟು ಜನ ಕೈ ಚಾಚಿಯೇ ಚಾಚುತ್ತಾರೆ. ಅದಕ್ಕೇ ಗಾರ್ಡ್ ಬೇಕು ಅನ್ನುವುದು.

ಇಷ್ಟಾದ ಮೇಲೂ ಯಾರಿಗಾದರೂ ಪೆಟ್ಟಾದರೆ ಏನು ಮಾಡಬೇಕು? ಇಲ್ಲಿ ನಡೆಯುವ ತಪ್ಪುಗಳು ಮುರಿತಕ್ಕಿಂತ ಜಾಸ್ತಿ ಕಾಡುತ್ತವೆ. ಸಾಮಾನ್ಯವಾಗಿ ಆಗುವುದು ಹೀಗೆ. ಹುಡುಗ ಬಿದ್ದ. ಕೈ ಸ್ವಲ್ಪ ಊದಿತು, ಬೆರಳು ಆಡುತ್ತಿವೆ. ‘ಬೆರಳು ಆಡ್ತಾವಲ್ಲೋ, ಮುರಿದಿಲ್ಲ ತಗೋ’ ಅಂತ ಯಾರೋ ಅಂದರು. ಎಲುಬು ಮುರಿದರೂ ಬೆರಳು ಆಡುತ್ತವೆ, ಇದು ನೆನಪಿರಲಿ. ಸ್ಪ್ರೇ ಹೊಡೆದರು. ಕೈ ಉಳುಕಿದೆ ಅಂತ ಹೋಟೆಲಿನಲ್ಲಿ ಯಾರೋ ಬಿಸಿ ಎಣ್ಣೆ ಹಚ್ಚಿ ತಿಕ್ಕಿದರು. ನಿಜಾಮುದ್ದೀನ್‌ನಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿ ಒಂದೂವರೆ ದಿನ ಕೂತು ಬಂದ. ಊರಿಗೆ ಬಂದ ಮೇಲೆ ಅಜ್ಜಿ ಹೇಳಿದಳು ಅಂತ ಉಳುಕು ತೆಗೆಯುವವರ ಬಳಿ ಹೋಗಿ ಎಳೆಸಿಕೊಂಡ. ವಾರ ಕಳೆದ ಮೇಲೆ ಎಕ್ಸ್‌ರೇ.

ಎಕ್ಸ್‌ರೇ ತೆಗೆಸಿದರೂ ಎಲ್ಲ ಸಲ ಸಮಾಧಾನ ಪಡುವ ಹಾಗಿಲ್ಲ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಅದರಲ್ಲಿ ಹೆಬ್ಬೆರಳ ಬುಡಕ್ಕೆ ಇರುವುದು ಸ್ಕಾಫಾಯ್ಡ್. ಗೋಡಂಬಿಗಿಂತ ತುಸು ದೊಡ್ಡದು. ಇದಕ್ಕೆ ರಕ್ತ ಬರುವ ದಾರಿ ಉಲ್ಟಾ. ಬೆರಳಿನ ಕಡೆಯ ತುದಿಯಿಂದ ಒಳಹೊಕ್ಕು, ಹಿಂದಕ್ಕೆ ಮುಂಗೈ ಕಡೆಗೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತವೇ ಸಿಗದೆ ಹೋಗಬಹುದು. ಆಗ ಎಲುಬು ಕೂಡುವುದಿಲ್ಲ, ಕೆಲವೊಮ್ಮೆ ಆ ತುಂಡು ಸತ್ತೇ ಹೋಗುತ್ತದೆ. ಕಷ್ಟ ಏನೆಂದರೆ, ಹೊಸತರಲ್ಲಿ ಈ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ನೋವೂ ಅಂಥಾ ಜೋರಿರುವುದಿಲ್ಲ. ಹುಡುಗ ಕ್ರಿಕೆಟ್ ಆಡಲು ಹೋಗುತ್ತಾನೆ. ವರ್ಷಗಳಾದ ಮೇಲೆ ಮಣಿಕಟ್ಟು ಸವೆದು, ಮೂವತ್ತಕ್ಕೇ ಸಂಧಿವಾತದ ಕೈ.

ಅದನ್ನು ಗುರುತಿಸಲು ಒಂದು ಸುಲಭದ ಪರೀಕ್ಷೆ ಇದೆ. ಹೆಬ್ಬೆರಳನ್ನು ಮೇಲೆತ್ತಿ ಹಿಂದಕ್ಕೆ ಚಾಚಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಬದಿಗೆ, ಎರಡು ನರಗಳಂತೆ ಕಾಣುವ ದಾರಗಳ ನಡುವೆ ಒಂದು ಸಣ್ಣ ಗುಳಿ ಬೀಳುತ್ತದೆ. ಬಿದ್ದವನಿಗೆ ಆ ಗುಳಿಯಲ್ಲಿ ಒತ್ತಿದಾಗ ನೋವಾದರೆ, ಎಕ್ಸ್‌ರೇ ಚೆನ್ನಾಗಿದೆ ಅಂದರೂ ಸ್ಕಾಫಾಯ್ಡ್ ಮುರಿದಿದೆ ಅಂತಲೇ ತಿಳಿದು ಕೈಯನ್ನು ಕಟ್ಟಿಡಬೇಕು. ಹತ್ತರಿಂದ ಹದಿನಾಲ್ಕು ದಿನದ ನಂತರ ಮತ್ತೆ ಎಕ್ಸ್‌ರೇ, ಇಲ್ಲವೇ ಎಂಆರ್‌ಐ. ಬೇಗ ಗೊತ್ತಾದರೆ ಹೆಚ್ಚಿನವು ಪ್ಲಾಸ್ಟರ್‌ನಲ್ಲೇ ಕೂಡುತ್ತವೆ, ಎರಡು ಮೂರು ತಿಂಗಳು ಹಿಡಿದರೂ ಸರಿ. ನಿಮ್ಮ ಟೂರ್ ಮ್ಯಾನೇಜರ್‌ಗೆ ಬೇರೇನೂ ನೆನಪಿರದಿದ್ದರೂ ಈ ಗುಳಿ ನೆನಪಿರಲಿ.

ಪೆಟ್ಟಾದ ತಕ್ಷಣ ಬೆರಳಿನ ಉಂಗುರ, ಕೈಯ ಕಡಗ, ಬಳೆ ತೆಗೆಸಿ. ತಡವಾದರೆ ಊತ ಬಂದು ಅವನ್ನು ಕತ್ತರಿಸಿ ತೆಗೆಯಬೇಕಾಗಬಹುದು. ಮದುವೆಯಾದ ಹೆಣ್ಣುಮಕ್ಕಳು ಬಳೆ ತೆಗೆಯಲು ಹಿಂದೆಮುಂದೆ ನೋಡುತ್ತಾರೆ, ಮೆಲ್ಲಗೆ ಒಪ್ಪಿಸಿ. ಎಳೆಯುವುದು, ತಿಕ್ಕುವುದು ಬೇಡವೇ ಬೇಡ. ಗಟ್ಟಿ ರಟ್ಟು ಅಥವಾ ಮಡಚಿದ ಪತ್ರಿಕೆಯನ್ನು ಮುಂಗೈ ಕೆಳಗಿಟ್ಟು, ಅಂಗೈವರೆಗೂ ಬರುವಂತೆ ಕಟ್ಟಿ. ಮಫ್ಲರಿನಲ್ಲಿ ಜೋಳಿಗೆ ಮಾಡಿ ಕೊರಳಿಗೆ ತೂಗುಹಾಕಿ. ಬೆರಳು ಜೋಮು ಹಿಡಿದರೆ, ನೀಲಿಗಟ್ಟಿದರೆ, ಕೈ ಸೊಟ್ಟಗೆ ಕಂಡರೆ ಪ್ರವಾಸದ ಕಾರ್ಯಕ್ರಮ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಗುಲ್ಮಾರ್ಗ್‌ನಿಂದ ಶ್ರೀನಗರ ಸುಮಾರು 50 ಕಿಲೋಮೀಟರ್. ಅಲ್ಲಿ ಬರ್ಜುಲ್ಲಾದಲ್ಲಿ ಎಲುಬು, ಕೀಲಿಗೆಂದೇ ಸರ್ಕಾರಿ ಆಸ್ಪತ್ರೆ ಇದೆ. ನೀವು ಹೋಗುವ ಪ್ರತಿ ಊರಿಗೂ ಇಂಥ ಒಂದು ಆಸ್ಪತ್ರೆಯ ಹೆಸರು, ದಾರಿ ಮೊದಲೇ ಬರೆದಿಟ್ಟುಕೊಳ್ಳಿ.

ವಿಮೆಯ ಬಗ್ಗೆ ಒಂದೇ ಮಾತು. ಹಲವು ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಡುತ್ತವೆ. ನಿಮ್ಮ ಪ್ಯಾಕೇಜಿನ ವಿಮೆ ಸ್ನೋಬೋರ್ಡಿಂಗ್‌ಗೆ ಅನ್ವಯಿಸುತ್ತದೆಯೇ ಅಂತ ಓದಿ, ಇಲ್ಲದಿದ್ದರೆ ಇಲ್ಲ ಅಂತ ಮೊದಲೇ ಹೇಳಿ. ಮಕ್ಕಳನ್ನು ಕಳಿಸುವವರು ರೈತರು, ಅಂಗಡಿಯವರು, ಮಾಸ್ತರರು. ಕಬ್ಬಿನ ಬಿಲ್ಲು ಬಂದ ಮೇಲೆ ದುಡ್ಡು ಕಟ್ಟಿದವರೂ ಅದರಲ್ಲಿರುತ್ತಾರೆ.

ಕಾಲೇಜಿನವರಿಗೆ ಇನ್ನೊಂದು ಕೋರಿಕೆ. ಹುಡುಗರ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಸಹಿ ತೆಗೆದುಕೊಳ್ಳುತ್ತೀರಿ. ಅದರಲ್ಲಿ ‘ಏನಾದರೂ ಆದರೆ ಕಾಲೇಜು ಹೊಣೆಯಲ್ಲ’ ಎಂಬ ಸಾಲು ತಪ್ಪದೆ ಇರುತ್ತದೆ. ಅದರ ಕೆಳಗೆ ‘ಹೆಲ್ಮೆಟ್ ಮತ್ತು ರಿಸ್ಟ್ ಗಾರ್ಡ್ ಇಲ್ಲದವರನ್ನು ಹಲಗೆ ಹತ್ತಿಸುವುದಿಲ್ಲ’ ಅಂತ ಇನ್ನೊಂದು ಸಾಲು ಹಾಕಿ. ಜೊತೆಗೆ ಹೋಗುವ ಅಧ್ಯಾಪಕರಿಗೆ ಅದನ್ನು ಜಾರಿ ಮಾಡುವ ಅಧಿಕಾರವನ್ನೂ ಕೊಡಿ.

ಆಯೋಜಕರೇ, ನಿಮ್ಮ ಪಟ್ಟಿಗೆ ಸೇರಿಸಬೇಕಾದ ಸಾಲನ್ನು ನಾನೇ ಬರೆದುಕೊಡುತ್ತೇನೆ. ‘ರಿಸ್ಟ್ ಗಾರ್ಡ್, ಒಂದು ಜೊತೆ, ಒಳಗೆ ಗಟ್ಟಿ ಪಟ್ಟಿ ಇರುವಂಥದ್ದು. ಅದರ ಮೇಲೆ ಹತ್ತುವ ಕೈಗವಸು. ಎರಡನ್ನೂ ಮನೆಯಲ್ಲಿ ಹಾಕಿ ನೋಡಿ ತನ್ನಿ.’ ಕೈಗವಸಿನ ಸಾಲಿನ ಪಕ್ಕದಲ್ಲೇ ಹಾಕಿ, ಕೊನೆಗೆ ಅಲ್ಲ. ಕೊನೆಯ ಸಾಲುಗಳನ್ನು ಯಾರೂ ಓದುವುದಿಲ್ಲ. ಅಳತೆ ತೆಗೆಯುವುದು, ಕಟ್ಟುವುದು, ಆ ಗುಳಿ ಒತ್ತಿ ನೋಡುವುದು, ಇವನ್ನು ನಿಮ್ಮ ಟೂರ್ ಮ್ಯಾನೇಜರ್‌ಗಳಿಗೆ ಯಾರಾದರೂ ತೋರಿಸಿಕೊಡಬೇಕು ಅನ್ನಿಸಿದರೆ ಕರೆಯಿರಿ, ಒಂದು ಭಾನುವಾರ ಬರುತ್ತೇನೆ. ಫೀ ಬೇಡ, ಚಹಾ ಕೊಡಿಸಿದರೆ ಸಾಕು.

ಇಂತಿ,
ಒಬ್ಬ ಫಿಜಿಯೋಥೆರಪಿಸ್ಟ್,
ಬೆಳಗಾವಿ